ಫೋಟೊದೊಳಗಿನ ರವೆ

ಅಕ್ಕನ ಮಗಳ ನಿಶ್ಚಿತಾರ್ಥ ಮನೆಯಲ್ಲೇ ನಡೆಯಿತು. ಸಂಜೆ ಏಳರ ಮೇಲಿನ ಮುಹೂರ್ತ. ನಡುಮನೆಯಲ್ಲಿ ಎರಡು ಹಳದಿ ಬಲ್ಬು, ಅಡುಗೆಮನೆಯ ಬಾಗಿಲಿಂದ ಇಣುಕುವ ಒಂದು ಟ್ಯೂಬ್‌ಲೈಟು, ಇಷ್ಟೇ ಬೆಳಕು. ‘ಮನೆಯಲ್ಲೇ ಕ್ಯಾಮೆರಾ ಇರುವಾಗ ಫೋಟೊದವರು ಯಾಕೆ?’ ಎಂದು ಭಾವ ಹೇಳಿದ್ದೇ ತಡ, ನಾನು ಉಬ್ಬಿಹೋದೆ. ಮಾರನೆಯ ದಿನ ಕಂಪ್ಯೂಟರಿಗೆ ಹಾಕಿ ನೋಡಿದರೆ ಎಲ್ಲ ಕಪ್ಪು ಕಪ್ಪು. ಸ್ವಲ್ಪ ಬೆಳಕು ಏರಿಸಿದೆ. ಗೋಡೆ, ಮುಖ, ತಟ್ಟೆಯ ಹಣ್ಣು, ಎಲ್ಲದರ ಮೇಲೂ ಯಾರೋ ಕೆಂಪು ಹಸಿರು ಬಣ್ಣದ ರವೆ ಎರಚಿದ ಹಾಗೆ ಕಂಡಿತು. ಬೀಗರಂತೂ ಸಾಲಾಗಿ ಕಾಮಾಲೆ ಹಿಡಿದವರಂತೆ ಕೂತಿದ್ದರು.

ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಪೇಟೆಬೀದಿಯ ಸ್ಟುಡಿಯೊಗೆ ಹೋದೆ. ಮುಂದಿನ ಕೋಣೆಯಲ್ಲಿ ಪಾಸ್‌ಪೋರ್ಟ್ ಫೋಟೊದ ನೀಲಿ ಪರದೆ, ಕನ್ನಡಿ, ಬಾಚಣಿಗೆ. ಹಿಂದಿನ ಕೋಣೆಯಲ್ಲಿ ಕಿಟಕಿಗೆ ದಪ್ಪ ಪರದೆ ಎಳೆದುಕೊಂಡು ಒಬ್ಬರು ಕೂತಿರುತ್ತಾರೆ. ಮದುವೆಮನೆಯಲ್ಲಿ ಕ್ಯಾಮೆರಾ ಹಿಡಿದು ಓಡಾಡುವವನನ್ನು ಎಲ್ಲರೂ ನೋಡುತ್ತಾರೆ, ಊಟಕ್ಕೆ ಕರೆಯುತ್ತಾರೆ. ಅವನು ತಂದ ಮೂರು ಸಾವಿರ ಚಿತ್ರಗಳ ಮುಂದೆ ರಾತ್ರಿಯಿಡೀ ಕೂರುವ ಈ ಎಡಿಟಿಂಗ್‌ನವರನ್ನು ಯಾರೂ ನೋಡಿರುವುದಿಲ್ಲ. ಮಂದ ಬೆಳಕಿನಲ್ಲಿ ತೆಗೆದ ಚಿತ್ರದ ರವೆ ತೆಗೆದು, ಬಣ್ಣ ಸರಿಮಾಡಿ, ಮುಖವನ್ನು ಮುಖದ ಹಾಗೆ ಕಾಣಿಸುವುದು ಇವರ ಕಸುಬು. ಇಂಗ್ಲಿಷಿನಲ್ಲಿ ಈ ರವೆಗೆ ‘ನಾಯ್ಸ್’ ಎನ್ನುತ್ತಾರೆ. ಸ್ಟುಡಿಯೊದವರ ಬಾಯಲ್ಲಿ ಅದು ಫಿಲ್ಮ್ ಕಾಲದಿಂದಲೂ ‘ಗ್ರೇನ್ಸ್’. ನಮ್ಮ ಅಡುಗೆಮನೆಯ ‘ರವೆ’ಯೇ ಸರಿಯಾದ ಮಾತು ಎಂದು ನನಗನ್ನಿಸುತ್ತದೆ.

ಅವರು ನನ್ನ ಚಿತ್ರವನ್ನು ನೂರು ಪರ್ಸೆಂಟಿಗೆ ಹಿಗ್ಗಿಸಿ ನೋಡಿ ನಕ್ಕರು. ‘ಗ್ರೇನ್ಸ್‌ಗೆ ಹೆದರಿ ಐಎಸ್‌ಒ ನಾನೂರಲ್ಲೇ ಇಟ್ಟಿದ್ದೀರಲ್ಲ ಸಾರ್. ಅದಕ್ಕೇ ಇಷ್ಟೊಂದು ಗ್ರೇನ್ಸು.’

ಮೊದಲಿಗೆ ಇದು ಒಗಟಿನಂತೆ ಕೇಳಿಸಿತು. ಬೆಳಕು ಹರಿಯುವ ನೀರಲ್ಲ, ಬಿಡಿಬಿಡಿ ಕಣಗಳಾಗಿ ಬೀಳುವ ತುಂತುರು ಮಳೆ. ಸೆನ್ಸರಿನ ಒಂದು ಚುಕ್ಕೆಗೆ ಸರಾಸರಿ 100 ಕಣ ಬೀಳುವ ಕಡೆ ಅದರ ಪಕ್ಕದ್ದಕ್ಕೆ 90 ಬೀಳಬಹುದು, ಅದರಾಚೆಯದಕ್ಕೆ 110. ನೂರಕ್ಕೆ ಹತ್ತರಷ್ಟು ಏರುಪೇರು. ಅದೇ 10,000 ಕಣ ಬೀಳುವಷ್ಟು ಬೆಳಕಿದ್ದರೆ ಏರುಪೇರು ಸುಮಾರು 100, ಅಂದರೆ ನೂರಕ್ಕೆ ಒಂದು. ಒಂದೇ ಬಣ್ಣದ ಗೋಡೆ ಚುಕ್ಕೆ ಚುಕ್ಕೆಯಾಗಿ ಕಾಣುವುದು ಈ ಏರುಪೇರಿನಿಂದ. ಬೆಳಕು ನಾಲ್ಕು ಪಟ್ಟಾದರೆ ರವೆ ಅರ್ಧವಾಗುತ್ತದೆ. ಕ್ಯಾಮೆರಾದ ಬಿಸಿ, ಒಳಗಿನ ವಿದ್ಯುತ್ತಿನ ಗದ್ದಲವೂ ಇದಕ್ಕೆ ಸೇರುತ್ತವೆ, ಆದರೆ ದೊಡ್ಡ ಪಾಲು ಬೆಳಕಿನ ಬರದ್ದೇ. ಐಎಸ್‌ಒ ಏರಿಸಿದರೆ ಸೆನ್ಸರು ಹೆಚ್ಚು ಬೆಳಕನ್ನೇನೂ ಹಿಡಿಯುವುದಿಲ್ಲ, ಬಂದಷ್ಟನ್ನೇ ದೊಡ್ಡದು ಮಾಡಿ ಹೇಳುತ್ತದೆ. ಹಾಗೆಂದು ಏರಿಸದೆ ಕತ್ತಲಾಗಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಎತ್ತಿದರೆ ಇನ್ನೂ ಕಷ್ಟ. ನಾನು ತೆಗೆದದ್ದು ಜೆಪೆಗ್. ಅದರಲ್ಲಿ ಒಂದೊಂದು ಬಣ್ಣಕ್ಕೆ ಇರುವುದು 256 ಮೆಟ್ಟಿಲು ಮಾತ್ರ, ಕತ್ತಲ ಭಾಗಕ್ಕೆ ಅದರಲ್ಲಿ ಸಿಗುವುದು ಬೆರಳೆಣಿಕೆಯಷ್ಟು. 14 ಬಿಟ್‌ನ ರಾ ಫೈಲಾಗಿದ್ದರೆ 16,384 ಮೆಟ್ಟಿಲು ಸಿಗುತ್ತಿದ್ದವು. ‘ಜೆಪೆಗ್ ಅಂದ್ರೆ ಬೆಂದ ಅನ್ನ ಸಾರ್, ರಾ ಅಂದ್ರೆ ಅಕ್ಕಿ’ ಎಂದರು.

ಆಮೇಲೆ ಅವರು ತೋರಿಸಿದ ಒಂದು ಸಂಗತಿ ನನಗೆ ಹೊಸದು. ಫೋಟೊಶಾಪಿನಲ್ಲಿ ಚಿತ್ರದ ಕೆಂಪು, ಹಸಿರು, ನೀಲಿ ಪದರಗಳನ್ನು ಬೇರೆ ಬೇರೆಯಾಗಿ ತೆರೆದರು. ಕೆಂಪು ಪದರದಲ್ಲಿ ಅಕ್ಕನ ಮುಖ ಹಾಲು ಬಳಿದಷ್ಟು ನುಣುಪು. ಹಸಿರಿನಲ್ಲಿ ಅಲ್ಲಲ್ಲಿ ಧೂಳು. ನೀಲಿಯನ್ನು ಒತ್ತಿದ್ದೇ ತಡ, ಮುಖವೇ ಮಾಯ! ಉಪ್ಪಿಟ್ಟಿಗೆ ಹುರಿಯಲು ಹರವಿದ ರವೆಯ ಬಾಣಲೆಯಂತಿತ್ತು. ಬೆಳಕಿನ ಬಣ್ಣದ ಅಳತೆಯಲ್ಲಿ ಹಗಲಿನ ಬೆಳಕು ಸುಮಾರು 5,500 ಕೆಲ್ವಿನ್, ಹಳೆಯ ಕಾಲದ ಹಳದಿ ಬಲ್ಬಿನದು 2,800ರ ಆಸುಪಾಸು. ಅದರಲ್ಲಿ ಕೆಂಪು ಬೇಕಾದಷ್ಟಿದೆ, ನೀಲಿ ತೀರಾ ಕಡಿಮೆ. ಹಳದಿಯನ್ನು ಕಳೆದು ಬಿಳಿ ಮಾಡಲು ಹೊರಟರೆ ಆ ಬಡಕಲು ನೀಲಿಯನ್ನು ಎರಡು ಮೂರು ಪಟ್ಟು ಹಿಗ್ಗಿಸಬೇಕು. ಅದರ ಜೊತೆಗೆ ರವೆಯೂ ಹಿಗ್ಗುತ್ತದೆ. ಬಣ್ಣ ಸರಿಮಾಡುವುದು ಒಂದು ಕೆಲಸ, ರವೆ ತೆಗೆಯುವುದು ಇನ್ನೊಂದು ಎಂದುಕೊಂಡಿದ್ದೆ. ಎರಡಕ್ಕೂ ಒಂದೇ ಬೇರು. ಸಾಲದ್ದಕ್ಕೆ, ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆಯೇ ಇಂದಿಗೂ ಬಹುಪಾಲು ಕ್ಯಾಮೆರಾಗಳ ಸೆನ್ಸರಿನಲ್ಲಿದೆ: ನಾಲ್ಕು ಚುಕ್ಕೆಗಳಲ್ಲಿ ಎರಡು ಹಸಿರಿಗೆ, ಒಂದು ಕೆಂಪಿಗೆ, ಒಂದು ನೀಲಿಗೆ. ನೀಲಿ ಅಲ್ಲೂ ಬಡಪಾಯಿಯೇ.

ರವೆ ತೆಗೆಯುವುದರಲ್ಲೂ ಎರಡು ಬಗೆ. ಕೆಂಪು ಹಸಿರು ಕಲೆಗಳಾಗಿ ಕಾಣುವ ಬಣ್ಣದ ರವೆಯನ್ನು ಧಾರಾಳವಾಗಿ ಒರೆಸಬಹುದು, ಬಣ್ಣದ ಸಣ್ಣ ವಿವರಗಳಲ್ಲಿ ನಮ್ಮ ಕಣ್ಣು ಅಷ್ಟು ಚುರುಕಲ್ಲ. ಕಪ್ಪು ಬಿಳುಪಿನ ರವೆಯನ್ನು ಮುಟ್ಟುವಾಗ ಮಾತ್ರ ಕೈ ಬಿಗಿಹಿಡಿಯಬೇಕು, ಯಾಕೆಂದರೆ ಜರಿಯ ಎಳೆ, ಮಲ್ಲಿಗೆಯ ಎಸಳಿನ ಅಂಚು, ಅಜ್ಜನ ಎರಡು ದಿನದ ಗಡ್ಡ ಎಲ್ಲವೂ ಅದರೊಳಗೇ ಇವೆ. ಅವರು ಪರದೆಯ ಮೇಲಿನ ರವೆ ಒರೆಸುವ ಪಟ್ಟಿಯನ್ನು ಬಲಕ್ಕೆ ಪೂರ್ತಿ ಎಳೆದು ತೋರಿಸಿದರು. ದಂಡೆಯ ಮೊಗ್ಗುಗಳೆಲ್ಲ ಕರಗಿ ಬೆಣ್ಣೆಮುದ್ದೆಯಾದವು, ಅಜ್ಜ ಪ್ಲಾಸ್ಟಿಕ್ ಗೊಂಬೆಯಾದರು. ಎಳೆದದ್ದನ್ನು ಹಿಂದಕ್ಕೆ ತಂದು ಮೂರನೇ ಒಂದು ಭಾಗದಲ್ಲಿ ನಿಲ್ಲಿಸಿದರು. ‘ಸ್ವಲ್ಪ ಇರಲಿ ಬಿಡಿ. ಪ್ರಿಂಟಲ್ಲಿ ಕಾಣಲ್ಲ.’ ಲೆಕ್ಕ ಹಾಕಿದರೆ ಅದೂ ನಿಜವೇ. 24 ಮೆಗಾಪಿಕ್ಸೆಲ್ ಚಿತ್ರವನ್ನು 4x6 ಇಂಚಿಗೆ, ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಿದರೆ ಹನ್ನೊಂದು ಚುಕ್ಕೆ ಸೇರಿ ಒಂದಾಗುತ್ತದೆ. ಅಲ್ಲಿಗೆ ರವೆ ಮೂರರಲ್ಲೊಂದು ಪಾಲಿಗೆ ಇಳಿಯಿತು. ಪರದೆಗೆ ಮೂಗು ತಾಗಿಸಿ ಕೊರಗುವವರು ಇದನ್ನು ಮರೆಯುತ್ತಾರೆ.

ತಂತ್ರಾಂಶಗಳು ಜಾಣವಾದ ಬಗೆಗೆ ಸೀರೆಯೇ ಒಳ್ಳೆಯ ಉದಾಹರಣೆ. ಹಳೆಯವು ಒಂದು ಚುಕ್ಕೆಯನ್ನು ಅದರ ಅಕ್ಕಪಕ್ಕದವುಗಳ ಜೊತೆ ಕಲಸಿಬಿಡುತ್ತಿದ್ದವು. 2005ರಲ್ಲಿ ಬುವಾದೆಸ್, ಕೋಲ್, ಮೊರೆಲ್ ಎಂಬ ಮೂವರು ಬೇರೆ ದಾರಿ ಹೇಳಿದರು: ಪಕ್ಕದ್ದನ್ನೇ ನೋಡಬೇಕಿಲ್ಲ, ಚಿತ್ರದಲ್ಲಿ ಎಲ್ಲೇ ಇರಲಿ, ಇದೇ ರೂಪದ ತುಣುಕನ್ನು ಹುಡುಕಿ ಅವುಗಳ ಸರಾಸರಿ ತೆಗೆಯಿರಿ. ಸೆರಗಿನ ಒಂದು ಬುಟ್ಟಾದ ರವೆ ತೆಗೆಯಲು ಉಳಿದ ಬುಟ್ಟಾಗಳೇ ಸಾಕ್ಷಿ ಹೇಳುತ್ತವೆ. ಈಗಿನದು ಎಐ ಕಾಲ. 2023ರ ಏಪ್ರಿಲ್‌ನಲ್ಲಿ ಅಡೋಬಿ ಲೈಟ್‌ರೂಮಿಗೆ ಸೇರಿಸಿದ ಡಿನಾಯ್ಸ್ ಗುಂಡಿ ಒತ್ತಿದರೆ ಅರ್ಧ ಗಂಟೆಯ ಕೆಲಸ ಅರ್ಧ ನಿಮಿಷಕ್ಕೆ ಮುಗಿಯಬಹುದು. ಆದರೆ ಇಂಥ ಎಐಗಳು ಕಾಣದ್ದನ್ನು ಊಹಿಸಿ ತುಂಬುತ್ತವೆ. ಇನ್ಯಾರದೋ ಮದುವೆಯ ಚಿತ್ರವೊಂದನ್ನು ತೆರೆದು ಅವರು ನಗುತ್ತಾ ತೋರಿಸಿದರು. ಮಂಟಪದ ಹಿಂದೆ ಹೂವಿನಲ್ಲಿ ಬರೆದ ವಧುವಿನ ಹೆಸರಿನಲ್ಲಿ ಒತ್ತಕ್ಷರ ಹೋಗಿ ಅದರ ಜಾಗದಲ್ಲಿ ಅಂದವಾದ ಎಲೆಯೊಂದು ಬಂದು ಕೂತಿತ್ತು.

ಬಣ್ಣದ ಮಾತಿಗೆ ಬಂದರೆ ಅವರಿಗೆ ತಾಳ್ಮೆ ತಪ್ಪುತ್ತದೆ. ಕಲ್ಯಾಣ ಮಂಟಪ ಎಂದರೆ ಬಣ್ಣಗಳ ಕಾದಾಟ. ವೇದಿಕೆಗೆ ಹಳದಿ ದೀಪ, ಪಕ್ಕದಲ್ಲಿ 6,500 ಕೆಲ್ವಿನ್‌ನ ಟ್ಯೂಬು, ವಿಡಿಯೊದವನ ತಲೆಯ ಮೇಲೆ ಇನ್ನೊಂದು ಎಲ್‌ಇಡಿ. ಒಂದು ಕೆನ್ನೆ ಅರಿಶಿನ, ಇನ್ನೊಂದು ಕೆನ್ನೆ ನೀಲಿ. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ, ಮುಖವನ್ನು ಭಾಗ ಮಾಡಿ ತಿದ್ದಬೇಕು. ಫ್ಲಾಶನ್ನು ಮೇಲಕ್ಕೆ ತಿರುಗಿಸಿ ಹೊಡೆದರೆ ಸಿಗುವ ಮೃದು ಬೆಳಕು ಸುಣ್ಣದ ಸೂರಿನ ಕೆಳಗೆ ಚೆನ್ನ. ಶಾಮಿಯಾನದ ಕೆಳಗೆ ಹಾಗೆ ಮಾಡಿದರೆ ಬಟ್ಟೆಯ ಕೆಂಪು ಹಳದಿ ಎಲ್ಲರ ಹಣೆಗೂ ಇಳಿಯುತ್ತದೆ. ರಿಸೆಪ್ಷನ್‌ನ ನೇರಳೆ ಎಲ್‌ಇಡಿಯನ್ನಂತೂ ಅವರು ಶಪಿಸುತ್ತಾರೆ. ಅದರ ಬೆಳಕಿನಲ್ಲಿ ಚರ್ಮದ ಬಣ್ಣ ಹೇಳುವ ಹಸಿರು, ಹಳದಿಗಳೇ ಇರುವುದಿಲ್ಲ. ಇಲ್ಲದ್ದನ್ನು ಎಲ್ಲಿಂದ ತರುವುದು? ‘ಬ್ಲ್ಯಾಕ್ ಅಂಡ್ ವೈಟೇ ಗತಿ. ಹುಡುಗಿ ಮನೆಯವರು ಅದನ್ನೇ ಸ್ಟೈಲು ಅಂತ ಮೆಚ್ಚಿಕೊಳ್ತಾರೆ!’

ಬಿಳಿ ಯಾವುದು ಎಂದು ಕಂಪ್ಯೂಟರಿಗೆ ತೋರಿಸಿಕೊಡಲು ಪರಿಣತರು ಬೂದು ಬಣ್ಣದ ಕಾರ್ಡು ಹಿಡಿಯುತ್ತಾರೆ. ಧಾರೆಯ ಹೊತ್ತಿಗೆ ಪುರೋಹಿತರ ಮುಂದೆ ಕಾರ್ಡು ಹಿಡಿದರೆ ಬೈಸಿಕೊಳ್ಳಬೇಕಾದೀತು. ನಾನು ನಮ್ಮ ಪುರೋಹಿತರ ಬಿಳಿ ಪಂಚೆಯನ್ನೇ ತೋರಿಸಿದೆ. ‘ಬೇಡ ಸಾರ್, ಅದಕ್ಕೆ ನೀಲಿ ಹಾಕಿ ಒಗೆದಿದ್ದಾರೆ. ಅದನ್ನ ನಂಬಿದ್ರೆ ಎಲ್ಲರೂ ಇನ್ನೂ ಹಳದಿ ಆಗ್ತಾರೆ.’ ಪಂಚೆಯ ನೀಲಿಯನ್ನು ಕಳೆಯಲು ಹೊರಟ ಯಂತ್ರ ಚಿತ್ರಕ್ಕೆಲ್ಲ ಹಳದಿ ಸುರಿಯುತ್ತದೆ ಎಂಬುದು ಅರ್ಥವಾಗಲು ನನಗೆ ಎರಡು ನಿಮಿಷ ಬೇಕಾಯಿತು. ಅವರು ಆರಿಸಿಕೊಂಡದ್ದು ನೆಲದ ಮೇಲಿನ ಸ್ಟೀಲ್ ತಟ್ಟೆಯ ಮಂಕಾದ ಅಂಚು.

ಪೂರ್ತಿ ಬಿಳಿ ಮಾಡುವುದೂ ಸರಿಯಲ್ಲ. ಆರತಿಯ ಜ್ವಾಲೆ 1,900 ಕೆಲ್ವಿನ್‌ನದು. ಅದರ ಬೆಳಕು ಬಿದ್ದ ಮುಖ ಹೊಂಬಣ್ಣವಾಗಿಯೇ ಇರಬೇಕು, ಅದನ್ನು ತೊಳೆದು ಆಫೀಸಿನ ಬೆಳಕು ಮಾಡಿದರೆ ಆರತಿ ಎತ್ತಿದ್ದೇ ದಂಡ. ಇನ್ನೊಂದು ರೇಜಿಗೆಯ ಕೆಲಸವನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ನಾನೇ ಹೇಳುತ್ತೇನೆ. ‘ಕಲರ್ ಸರಿಮಾಡಿ’ ಎಂದು ಬರುವವರಲ್ಲಿ ಎಷ್ಟೋ ಮಂದಿ ಕೇಳುವುದು ಹುಡುಗಿಯನ್ನು ಬೆಳ್ಳಗೆ ಮಾಡಿ ಎಂದು. ಬಣ್ಣದ ಫಿಲ್ಮಿನ ಕಾಲದಲ್ಲಿ ಕೊಡಾಕ್‌ನವರು ಮುದ್ರಣದ ಬಣ್ಣ ಹೊಂದಿಸಲು ಬಿಳಿಯ ಹೆಂಗಸರ ಚಿತ್ರವಿದ್ದ ‘ಶರ್ಲಿ ಕಾರ್ಡ್’ ಕಳಿಸುತ್ತಿದ್ದರು. ಆ ಕಾರ್ಡು ಹೋಯಿತು, ನಮ್ಮ ಮನಸ್ಸಿನಿಂದ ಮಾತ್ರ ಹೋಗಲಿಲ್ಲ. ಎಣ್ಣೆಗೆಂಪು ಬಣ್ಣದ ಚೆಲುವೆಯನ್ನು ಸುಣ್ಣದ ಗೋಡೆ ಮಾಡಿ ಆಲ್ಬಂನಲ್ಲಿ ಅಂಟಿಸಿಕೊಳ್ಳುವುದನ್ನು ಸರಿಪಡಿಸುವುದು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇಷ್ಟೆಲ್ಲ ಪಾಡು ಪಡುವ ಬದಲು ಮೊದಲೇ ಬೆಳಕು ತಂದುಕೊಂಡಿದ್ದರೆ? ನಮ್ಮ ಮೈಸೂರಿನ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿ ‘ಕಾಗಜ್ ಕೆ ಫೂಲ್’ (1959) ಚಿತ್ರಕ್ಕೆ ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನೇ ಸ್ಟುಡಿಯೊದೊಳಕ್ಕೆ ತಿರುಗಿಸಿ ಆ ಪ್ರಸಿದ್ಧ ಬೆಳಕಿನ ಕೋಲನ್ನು ಕಟ್ಟಿದ್ದರು. ನಾನು ಸೂರ್ಯನನ್ನೇನೂ ತರಬೇಕಿರಲಿಲ್ಲ. ಕ್ಯಾಮೆರಾದ ಜೊತೆ ಬಂದ ಲೆನ್ಸು ಎಫ್ 5.6ಕ್ಕೆ ನಿಂತಿತ್ತು. ಅಗ್ಗದ 50 ಎಂ.ಎಂ. ಲೆನ್ಸಿನ ಎಫ್ 1.8 ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಬಿಡುತ್ತದೆ. ಅಡುಗೆಮನೆಯ ಟ್ಯೂಬನ್ನಾದರೂ ಆರಿಸಿದ್ದರೆ ಮನೆಗೆಲ್ಲ ಒಂದೇ ಬಣ್ಣದ ಬೆಳಕಿರುತ್ತಿತ್ತು.

ಸಂಜೆಯ ಹೊತ್ತಿಗೆ ಮುಖಗಳೆಲ್ಲ ಒಂದು ಹದಕ್ಕೆ ಬಂದವು. ಕೊನೆಗೆ ಉಳಿದದ್ದು ಅಕ್ಕನ ಸೀರೆ. ‘ಇದು ಯಾವ ಬಣ್ಣ ಸಾರ್?’ ಎಂದು ಕೇಳಿದರು. ಚಿತ್ರದಲ್ಲಿ ಎಲೆಹಸಿರು. ನನ್ನ ನೆನಪಿನಲ್ಲೂ ಹಸಿರೇ. ಆದರೂ ಫೋನ್ ಮಾಡಿದೆ.

‘ಹಸಿರಲ್ಲ ಕಣೋ, ನವಿಲು ನೀಲಿ! ಎದುರಿಗೇ ಕೂತಿದ್ದೆಯಲ್ಲೋ!’ ಎಂದಳು ಅಕ್ಕ.

ಬಲ್ಬಿನ ಬೆಳಕು ಕೊಡದ ನೀಲಿ ಫೈಲಿನಲ್ಲಿ ಇರಲಿಲ್ಲ, ನಾಲ್ಕು ದಿನ ಫೋಟೊ ನೋಡಿ ನೋಡಿ ನನ್ನ ತಲೆಯಲ್ಲೂ ಉಳಿದಿರಲಿಲ್ಲ. ಎಡಿಟಿಂಗ್‌ನವರು ಮೌಸ್ ಬಿಟ್ಟು ಕೈಕಟ್ಟಿದರು. ‘ಸೀರೆ ತಂದುಬಿಡಿ ಸಾರ್.’

ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ಅಕ್ಕ ಸೀರೆಯನ್ನು ಬಟ್ಟೆಚೀಲದಲ್ಲಿ ಹಿಡಿದು ಸ್ಟುಡಿಯೊಗೆ ಬಂದಳು. ಅವರು ಹಿಂದಿನ ಕೋಣೆಯ ಕಿಟಕಿಯ ದಪ್ಪ ಪರದೆಯನ್ನು ಸರಿಸಿ, ಸೆರಗನ್ನು ಬಿಸಿಲು ಬೀಳದ ಮಗ್ಗುಲಿಗೆ ಹರವಿ, ಒಮ್ಮೆ ಅದನ್ನು ಒಮ್ಮೆ ಕಂಪ್ಯೂಟರಿನ ಪರದೆಯನ್ನು ನೋಡುತ್ತಾ ನೀಲಿಯ ಪಟ್ಟಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸತೊಡಗಿದರು. ಅಕ್ಕ ಅವರ ಹಿಂದೆ ನಿಂತು, ‘ಇನ್ನೂ ಸ್ವಲ್ಪ’ ಎನ್ನುತ್ತಿದ್ದಳು.