ಗಣಕಯಂತ್ರದ ಬಿಡಿಭಾಗಗಳ ಆಯ್ಕೆಯೂ ವೇಗವರ್ಧನೆಯೂ

ಗಣಕಯಂತ್ರವನ್ನು ಸಿದ್ಧವಸ್ತುವಾಗಿ ಕೊಂಡು ತರುವುದು ಒಂದು ಬಗೆ. ಬಿಡಿಭಾಗಗಳನ್ನು ಆರಿಸಿ ತಂದು ತಾವೇ ಜೋಡಿಸಿಕೊಳ್ಳುವುದು ಮತ್ತೊಂದು. ಎರಡನೆಯ ದಾರಿ ಹಿಡಿದವರ ಕಿವಿಗೆ ‘ಓವರ್‌ಕ್ಲಾಕಿಂಗ್’ ಎಂಬ ಮಾತು ಬೇಗನೆ ಬೀಳುತ್ತದೆ. ತಯಾರಕರು ಗೊತ್ತುಪಡಿಸಿದ ವೇಗವನ್ನು ಮೀರಿ ಯಂತ್ರವನ್ನು ಓಡಿಸುವುದೆಂದು ಅದರ ಅರ್ಥ. ಅದರ ಗುಣದೋಷಗಳನ್ನು ತಿಳಿಯಲು 1998ರ ಒಂದು ನಿದರ್ಶನಕ್ಕಿಂತ ಉತ್ತಮವಾದುದು ನನಗೆ ಕಾಣದು.

ಪ್ರೊಸೆಸರ್ ಎಂಬ ಮುಖ್ಯ ಚಿಪ್ಪು ಒಂದು ವಿದ್ಯುತ್ ಮಿಡಿತಕ್ಕೆ ತಾಳ ಹಾಕಿಕೊಂಡು ಕೆಲಸ ಮಾಡುತ್ತದೆ. ಆ ಕಾಲದ ಯಂತ್ರಗಳಲ್ಲಿ ಮದರ್‌ಬೋರ್ಡ್ ಒದಗಿಸುವ ಮೂಲ ಮಿಡಿತವನ್ನು, ಅಂದರೆ ಬಸ್ಸಿನ ವೇಗವನ್ನು, ಚಿಪ್ಪಿನೊಳಗೆ ಬಂಧಿತವಾದ ಒಂದು ಗುಣಕದಿಂದ ಗುಣಿಸಿದರೆ ಪ್ರೊಸೆಸರಿನ ವೇಗ ಬರುತ್ತಿತ್ತು. ಗುಣಕವನ್ನು ಬದಲಾಯಿಸಲು ಬಾರದು. ಮೂಲ ಮಿಡಿತವನ್ನು ಏರಿಸಬಹುದು.

ಇಂಟೆಲ್ ಸಂಸ್ಥೆಯು ಆ ವರ್ಷದ ಏಪ್ರಿಲ್‌ನಲ್ಲಿ ಹೊರತಂದ ಅಗ್ಗದ ಸೆಲೆರಾನ್ ಚಿಪ್ಪಿನಲ್ಲಿ ಎರಡನೆಯ ಹಂತದ ಕ್ಯಾಶ್ ಸ್ಮೃತಿಯೇ ಇರಲಿಲ್ಲ. ಪದೇ ಪದೇ ಬೇಕಾಗುವ ಮಾಹಿತಿಯನ್ನು ಕೈಗೆಟಕುವಂತೆ ಇಟ್ಟುಕೊಳ್ಳುವ ಈ ಗೂಡು ಇಲ್ಲದ್ದರಿಂದ ಅದು ಮಂದಗತಿಯದೆಂಬ ಹೆಸರು ಪಡೆಯಿತು. ಆಗಸ್ಟ್‌ನಲ್ಲಿ ಬಂದ ಸೆಲೆರಾನ್ 300ಎ ಈ ಕೊರತೆಯನ್ನು ನೀಗಿತು. ಅದರ 128 ಕಿಲೋಬೈಟ್ ಕ್ಯಾಶ್ ಚಿಪ್ಪಿನೊಳಗೇ ಇದ್ದು ಪೂರ್ಣ ವೇಗದಲ್ಲಿ ಓಡುತ್ತಿತ್ತು. ದುಬಾರಿಯಾದ ಪೆಂಟಿಯಂ 2ರ ಕ್ಯಾಶ್ 512 ಕಿಲೋಬೈಟ್ ಆಗಿದ್ದರೂ ಚಿಪ್ಪಿನ ಹೊರಗಿದ್ದು ಅರ್ಧ ವೇಗದಲ್ಲಿ ಮಾತ್ರ ನಡೆಯುತ್ತಿತ್ತು.

300ಎ ಚಿಪ್ಪಿನ ಗುಣಕ 4.5, ಬಸ್ಸು 66 ಮೆಗಾಹರ್ಟ್ಸ್, ಗುಣಲಬ್ಧ 300. ಬಸ್ಸನ್ನು 100ಕ್ಕೆ ಏರಿಸಿದೊಡನೆ ಅದೇ ಚಿಪ್ಪು 450ರಲ್ಲಿ ಓಡತೊಡಗಿತು. ಆಗ ಅದರ ಬೆಲೆ 149 ಡಾಲರ್, 450ರ ಪೆಂಟಿಯಂ 2ರ ಬೆಲೆ 669 ಡಾಲರ್. ಹವ್ಯಾಸಿಗಳು ಇದರ ಮೇಲೆ ಮುಗಿಬಿದ್ದುದರಲ್ಲಿ ಸೋಜಿಗವೇನಿದೆ?

ಆದರೆ ಈ ಸಾಹಸ ಫಲಿಸಿದ್ದು ಚಿಪ್ಪೊಂದರಿಂದಲೇ ಅಲ್ಲ ಎಂಬುದನ್ನು ಹಲವರು ಮರೆಯುತ್ತಾರೆ. ಇತರ ಕಾರ್ಡುಗಳು ಕೂರುವ ಪಿಸಿಐ ಮಾರ್ಗಕ್ಕೆ ನಿಗದಿಯಾದ ವೇಗ 33 ಮೆಗಾಹರ್ಟ್ಸ್. 440ಬಿಎಕ್ಸ್ ಚಿಪ್‌ಸೆಟ್ಟುಳ್ಳ ಮದರ್‌ಬೋರ್ಡ್ 66ನ್ನು ಎರಡರಿಂದಲೂ 100ನ್ನು ಮೂರರಿಂದಲೂ ಭಾಗಿಸಿ ಆ ವೇಗವನ್ನು ಕಾಯ್ದುಕೊಳ್ಳುತ್ತಿತ್ತು. ನಡುವಣ 83ರಲ್ಲಿ ಬಸ್ಸನ್ನು ನಿಲ್ಲಿಸಿ ಎರಡರಿಂದ ಭಾಗಿಸಿದರೆ ಪಿಸಿಐ 41ನ್ನು ದಾಟುತ್ತಿತ್ತು. ಆಗ ಹಾರ್ಡ್‌ಡಿಸ್ಕಿನಲ್ಲಿ ಬರೆದ ಮಾಹಿತಿ ಕೆಡುವ ಭಯವಿತ್ತು. ಹೀಗೆ ‘ಸ್ವಲ್ಪವೇ ಏರಿಸೋಣ’ ಎಂದ ಎಚ್ಚರಿಕೆಯವನಿಗೆ ಕೇಡು, ನೂರಕ್ಕೆ ನೆಗೆದವನಿಗೆ ಕ್ಷೇಮ! ಅದೂ ನೂರರ ವೇಗವನ್ನು ತಾಳುವ ಪಿಸಿ100 ಸ್ಮೃತಿಫಲಕ ಜೊತೆಗಿದ್ದರೆ ಮಾತ್ರ.

ಇನ್ನು ಶಾಖದ ಮಾತು. ಚಿಪ್ಪು ಕೆಲಸ ಮಾಡುವಾಗ ವ್ಯಯವಾಗುವ ವಿದ್ಯುತ್ತು ವೇಗಕ್ಕೆ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಏರುತ್ತದೆ. ಮೊಂಡು ಚಿಪ್ಪನ್ನು ಒಪ್ಪಿಸಲು 2.0 ವೋಲ್ಟನ್ನು 2.2ಕ್ಕೆ ಏರಿಸಿದರೆ, ಒಂದೂವರೆ ಪಟ್ಟು ವೇಗವೂ ಸೇರಿ ಶಾಖವು ಸುಮಾರು 1.8 ಪಟ್ಟಾಗುತ್ತದೆ. ಒಂದೇ ಹೆಸರಿನ ಎರಡು ಚಿಪ್ಪುಗಳೂ ಸಮಾನವಾಗಿ ತಾಳಿಕೊಳ್ಳುವುದಿಲ್ಲ. ಒಂದು ತಾಯಿಯ ಮಕ್ಕಳೆಲ್ಲ ಒಂದೇ ಬಗೆಯೇ?

ಇದಕ್ಕಿಂತ ಗಂಭೀರವಾದುದು ಮೌನದೋಷ. ಯಂತ್ರವು ಪ್ರಾರಂಭವಾದ ಮಾತ್ರಕ್ಕೆ ಅದರ ಲೆಕ್ಕ ಸರಿಯೆಂದು ನಂಬಲಾಗದು. ಉತ್ತರ ಮೊದಲೇ ತಿಳಿದಿರುವ ಭಾರಿ ಲೆಕ್ಕಗಳನ್ನು ಗಂಟೆಗಟ್ಟಲೆ ಮಾಡಿಸಿ ತಾಳೆ ನೋಡುವ ಪ್ರೈಮ್95, ಸ್ಮೃತಿಯನ್ನು ಶೋಧಿಸುವ ಮೆಮ್‌ಟೆಸ್ಟ್86 ಮೊದಲಾದ ಪರೀಕ್ಷಕಗಳು ಇದಕ್ಕಾಗಿಯೇ ಇವೆ. ಆಟವಾಡುವ ಯಂತ್ರ ನಿಂತುಹೋದರೆ ಆಟ ಕೆಟ್ಟಿತು, ಅಷ್ಟೇ. ಸಾವಿರ ಮಕ್ಕಳ ಅಂಕಗಳನ್ನು ಕಾಪಾಡುವ ಯಂತ್ರದಲ್ಲಿ ಒಂದು ಅಂಕೆ ಸದ್ದಿಲ್ಲದೆ ಬದಲಾದರೆ ಅದನ್ನು ಕಂಡುಹಿಡಿಯುವವರು ಯಾರು? ಶಾಲೆಯ ಯಂತ್ರಗಳನ್ನು ಈ ಪ್ರಯೋಗದಿಂದ ದೂರವಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಇಂದು ಅದರಿಂದ ದೊರೆಯುವ ಲಾಭವೂ ಅಲ್ಪ. ಈಗಿನ ಪ್ರೊಸೆಸರುಗಳು ಶಾಖವನ್ನು ಅಳೆದುಕೊಂಡು ತಾವಾಗಿಯೇ ವೇಗವನ್ನು ಏರಿಳಿಸುತ್ತವೆ. ಹವ್ಯಾಸಿಗೆ ಉಳಿದಿರುವ ಅವಕಾಶ ಕಿರಿದು. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಅಸ್ಥಿರವಾಗುತ್ತಿದ್ದುದಕ್ಕೆ ಮಿತಿಮೀರಿದ ವೋಲ್ಟೇಜು ಕಾರಣವೆಂದು 2024ರಲ್ಲಿ ಆ ಸಂಸ್ಥೆಯೇ ತಿಳಿಸಿ, ತಿದ್ದುಪಡಿಯನ್ನು ಹೊರಡಿಸಿ, ಖಾತರಿಯ ಅವಧಿಯನ್ನು 2 ವರ್ಷ ವಿಸ್ತರಿಸಿತು.

ಶಾಲೆಗೆ ಯಂತ್ರಗಳನ್ನು ಕೊಡಿಸುವ ಉದಾರಿಗಳು ಸಾಮಾನ್ಯವಾಗಿ ಮೊದಲು ಪ್ರೊಸೆಸರಿನ ಹೆಸರನ್ನು ಕೇಳುತ್ತಾರೆ. ಮಧ್ಯಮ ದರ್ಜೆಯದು ಸಾಕು. ಅಲ್ಲಿ ಉಳಿದ ಹಣವನ್ನು ಹಾರ್ಡ್‌ಡಿಸ್ಕಿಗೆ ಬದಲಾಗಿ ಎಸ್‌ಎಸ್‌ಡಿ ಹಾಕಿಸಲು, ಒಂದೇ ಸ್ಮೃತಿಫಲಕದ ಬದಲು ಎರಡನ್ನು ಜೋಡಿಯಾಗಿ ಕೂರಿಸಲು ವಿನಿಯೋಗಿಸಿದರೆ ಮಕ್ಕಳಿಗೆ ಯಂತ್ರದ ಚುರುಕು ನಿತ್ಯವೂ ಅನುಭವಕ್ಕೆ ಬರುತ್ತದೆ. ಯಾರ ಕಣ್ಣಿಗೂ ಬೀಳದ ಪವರ್ ಸಪ್ಲೈ ಪೆಟ್ಟಿಗೆಯಲ್ಲಿ ಮಾತ್ರ ಜಿಪುಣತನ ಕೂಡದು. ಅದು ಕೆಟ್ಟರೆ ತನ್ನೊಡನೆ ಮದರ್‌ಬೋರ್ಡನ್ನೂ ಕೊಂಡೊಯ್ಯಬಹುದು. ಕಲಬುರಗಿ, ರಾಯಚೂರುಗಳ ಕಡೆ ಬೇಸಗೆಯಲ್ಲಿ 40 ಡಿಗ್ರಿ ದಾಟುವ ಕೋಣೆಗಳಲ್ಲಿ ಫ್ಯಾನಿಗೆ ಹಿಡಿದ ಧೂಳನ್ನು ಯುಗಾದಿಗೆ ಮುಂಚೆ ಒಮ್ಮೆ, ಶಾಲೆ ತೆರೆಯುವಾಗ ಮತ್ತೊಮ್ಮೆ ತೆಗೆಸಬೇಕು. ಈ ಕೆಲಸಕ್ಕೆ ಒಂದು ಕುಂಚವೂ ಅರ್ಧ ದಿನದ ಬಿಡುವೂ ಸಾಕು.