ಮಳೆಯ ಸದ್ದಿಗೆ ಮೈ ಬಿಗಿಯುವಾಗ

2021ರ ಜುಲೈ 18, ಭಾನುವಾರ. ಹಿಂದಿನ ರಾತ್ರಿಯಿಂದ ಮುಂಬೈಯಲ್ಲಿ ಎಡೆಬಿಡದ ಮಳೆ. ಬೆಳಕು ಹರಿಯುವ ಮೊದಲೇ ವಿಕ್ರೋಳಿಯ ಸೂರ್ಯನಗರದಲ್ಲಿ ಗುಡ್ಡದ ಮಣ್ಣು ಜರಿದು ಕೆಳಗಿನ ಮನೆಗಳ ಮೇಲೆ ಬಿತ್ತು. ಮಲಗಿದ್ದ ಹಲವರು ಮತ್ತೆ ಏಳಲಿಲ್ಲ. ಅದೇ ರಾತ್ರಿ ಚೆಂಬೂರಿನಲ್ಲೂ ಗೋಡೆ ಕುಸಿದು ಜೀವಗಳು ಹೋದವು.

ಇಂಥ ದುರಂತದ ಬಳಿಕ ಸತ್ತವರ ಪಟ್ಟಿ ಆಗುತ್ತದೆ, ಗಾಯಗೊಂಡವರ ಪಟ್ಟಿ ಆಗುತ್ತದೆ. ಯಾವ ಪಟ್ಟಿಗೂ ಸೇರದ ಗಾಯ ಇನ್ನೊಂದಿದೆ. ಮರುವರ್ಷದ ಮೊದಲ ಮಳೆ ತಗಡಿನ ಮಾಡಿನ ಮೇಲೆ ಬಿದ್ದಾಗ ಬದುಕುಳಿದವರ ಎದೆ ಡವಗುಟ್ಟಬಹುದು, ಹೆಗಲು ಬಿಗಿಯಬಹುದು, ಅಂಗೈ ಬೆವರಬಹುದು. ಮನೆ ಬದಲಾಗಿರಲಿ, ತಡೆಗೋಡೆ ಎದ್ದಿರಲಿ, ಬುದ್ಧಿ ಎಷ್ಟು ಸಮಾಧಾನ ಹೇಳಿದರೂ ಮೈ ಕೇಳುವುದಿಲ್ಲ. ಆಘಾತಕ್ಕೆ ಸಿಕ್ಕವರಲ್ಲಿ ಜಗತ್ತಿನ ಎಲ್ಲ ಕಡೆ ವೈದ್ಯರು ಕಾಣುವ ಲಕ್ಷಣವಿದು. ಹಾಗಾದರೆ, ಮಾತಿಗೆ ಒಲಿಯದ ಮೈಗೆ ಮೈಯ ಭಾಷೆಯಲ್ಲೇ ಸಮಾಧಾನ ಹೇಳಲು ಸಾಧ್ಯವೇ?

ಈ ಪ್ರಶ್ನೆಯನ್ನು ಹಿಡಿದು ಬೆಂಗಳೂರಿನ ಸಂಶೋಧಕರ ತಂಡವೊಂದು ಅಂಡಮಾನಿಗೆ ಹೋಗಿತ್ತು. 2004ರ ಡಿಸೆಂಬರ್ 26ರ ಸುನಾಮಿ ಕಳೆದು ಒಂದು ತಿಂಗಳಾಗಿತ್ತು. ಸ್ವಾಮಿ ವಿವೇಕಾನಂದ ಯೋಗ ಸಂಶೋಧನಾ ಪ್ರತಿಷ್ಠಾನದ ಶರ್ಲಿ ಟೆಲ್ಲಿಸ್ ಮತ್ತು ಸಂಗಡಿಗರು 47 ಮಂದಿ ಸಂತ್ರಸ್ತರಿಗೆ ಒಂದು ವಾರ ಸರಳ ಆಸನ, ಪ್ರಾಣಾಯಾಮ, ವಿಶ್ರಾಂತಿಯ ಅಭ್ಯಾಸ ಕಲಿಸಿದರು. ಭಯ, ಆತಂಕ, ದುಃಖ, ನಿದ್ರಾಭಂಗ ಎಷ್ಟಿದೆಯೆಂದು ಅವರಿಂದಲೇ ಗುರುತು ಹಾಕಿಸಿಕೊಂಡರು. ಜೊತೆಗೆ ನಾಡಿ ಮತ್ತು ಉಸಿರಿನ ವೇಗವನ್ನು ಯಂತ್ರದಿಂದ ಅಳೆದರು. ವಾರದ ಕೊನೆಗೆ ಅವರು ಗುರುತು ಹಾಕಿದ್ದ ನಾಲ್ಕೂ ತೊಂದರೆಗಳು ತಗ್ಗಿದ್ದವು. ಉಸಿರು ನಿಧಾನವಾಗಿತ್ತು. ಮುಖ್ಯಭೂಮಿಯಿಂದ ಬಂದು ನೆಲೆಸಿದ್ದವರಲ್ಲಿ ಎದೆಬಡಿತವೂ ಇಳಿದಿತ್ತು.

ಆದರೆ ಅಲ್ಲಿ ಯೋಗ ಮಾಡದವರ ಹೋಲಿಕೆ ಗುಂಪು ಇರಲಿಲ್ಲ. ಒಂದು ವಾರದಲ್ಲಿ ಕಾಲವೇ ಸ್ವಲ್ಪ ಗುಣ ಮಾಡಿರಬಹುದಲ್ಲ ಎಂಬ ಸಂದೇಹಕ್ಕೆ ಆ ಅಧ್ಯಯನದಲ್ಲಿ ಉತ್ತರವಿಲ್ಲ. 2008ರಲ್ಲಿ ಕೋಸಿ ನದಿಯ ಒಡ್ಡು ಒಡೆದು ಬಿಹಾರದ ಹಲವು ಭಾಗ ಮುಳುಗಿದಾಗ ಟೆಲ್ಲಿಸ್ ಅವರು, ಆಗ ಹರಿದ್ವಾರದ ತಂಡದೊಂದಿಗೆ, ಆ ಕೊರತೆಯನ್ನು ತುಂಬಿಕೊಂಡರು. ಪ್ರವಾಹಕ್ಕೆ ಸಿಕ್ಕ 22 ಪುರುಷರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ವಾರದ ಮಟ್ಟಿಗೆ ಯೋಗ ಕಲಿಸಿದರು. ಕಲಿತವರಲ್ಲಿ ದುಃಖ ಇಳಿಯಿತು. ಕಲಿಯದವರಲ್ಲಿ ಅದೇ ವಾರದಲ್ಲಿ ಆತಂಕ ಏರಿತು. ಗುಂಪು ಚಿಕ್ಕದು, ಅವಧಿ ಚಿಕ್ಕದು. ಆದರೂ ನಿರಾಶ್ರಿತರ ನಡುವೆ ಕುಳಿತು ಇಷ್ಟು ಶಿಸ್ತಿನಿಂದ ಲೆಕ್ಕ ಹಿಡಿದದ್ದು ದೊಡ್ಡ ಕೆಲಸ.

ಮೈ ಯಾಕೆ ಮಾತು ಕೇಳುವುದಿಲ್ಲ? ಮಿದುಳಿನ ಆಳದಲ್ಲಿ ಬಾದಾಮಿಯಾಕಾರದ ಅಮಿಗ್ಡಲಾ ಎಂಬ ಭಾಗವಿದೆ. ಅಪಾಯದ ಸುಳಿವು ಸಿಕ್ಕ ಕೂಡಲೇ, ನಾವು ಯೋಚಿಸಿ ಮುಗಿಸುವ ಮೊದಲೇ, ಅದು ಗಂಟೆ ಬಾರಿಸುತ್ತದೆ. ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್, ಅದರ ಹಿಂದೆ ಕಾರ್ಟಿಸಾಲ್ ರಕ್ತಕ್ಕೆ ಸೇರುತ್ತವೆ. ಓಡಲು ಕಾಲಿಗೆ, ಹೊಡೆದಾಡಲು ಕೈಗೆ ರಕ್ತ ನುಗ್ಗುತ್ತದೆ. ಗುಡ್ಡ ಕುಸಿಯುವಾಗ ಪ್ರಾಣ ಉಳಿಸುವ ಏರ್ಪಾಡು ಇದೇ. ಮಳೆಯ ಸದ್ದೂ ಗುಡ್ಡದ ಕುಸಿತವೂ ನೆನಪಿನಲ್ಲಿ ಒಮ್ಮೆ ಗಂಟು ಬಿದ್ದರೆ, ಆಮೇಲೆ ಬರಿಯ ಮಳೆಗೂ ಗಂಟೆ ಬಾರಿಸುತ್ತದೆ.

ಆ ಗಂಟೆಯನ್ನು ನಿಲ್ಲಿಸು ಎಂದು ಮನಸ್ಸಿಗೆ ಆಜ್ಞೆ ಕೊಟ್ಟು ಪ್ರಯೋಜನವಿಲ್ಲ. ಹೃದಯಕ್ಕೆ, ಕರುಳಿಗೆ ನೇರ ಅಪ್ಪಣೆ ಮಾಡುವ ಶಕ್ತಿ ಮನುಷ್ಯನಿಗೆ ಇಲ್ಲ. ಉಸಿರು ಮಾತ್ರ ಬೇರೆ ಜಾತಿಯದು: ಅದು ತಾನಾಗಿಯೂ ನಡೆಯುತ್ತದೆ, ನಾವು ಬಯಸಿದಂತೆಯೂ ನಡೆಯುತ್ತದೆ. ಓದುಗರು ಈಗಲೇ ಪರೀಕ್ಷಿಸಿ ನೋಡಬಹುದು. ಎರಡು ಬೆರಳನ್ನು ಮಣಿಕಟ್ಟಿನ ನಾಡಿಯ ಮೇಲಿಟ್ಟು ನಿಧಾನವಾಗಿ ಉಸಿರು ಎಳೆದುಕೊಳ್ಳಿ, ಅದಕ್ಕಿಂತ ನಿಧಾನವಾಗಿ ಬಿಡಿ. ಎಳೆದುಕೊಳ್ಳುವಾಗ ನಾಡಿ ತುಸು ಚುರುಕಾಗುತ್ತದೆ, ಬಿಡುವಾಗ ತುಸು ತಡೆದು ಬಡಿಯುತ್ತದೆ. ಉಸಿರು ಬಿಡುವಾಗ ಹೃದಯಕ್ಕೆ ಕಡಿವಾಣ ಹಾಕುವುದು ವೇಗಸ್ ನರ. ಮಿದುಳಿನ ಬುಡದಿಂದ ಹೊರಟು ಗಂಟಲು, ಹೃದಯ, ಶ್ವಾಸಕೋಶ, ಜಠರ, ಕರುಳಿನವರೆಗೆ ಅದು ಹಬ್ಬಿದೆ. ಅದರ ಎಳೆಗಳಲ್ಲಿ ಸುಮಾರು 80 ಶೇಕಡಾ ಎಳೆಗಳು ಒಯ್ಯುವುದು ಕೆಳಗಿನಿಂದ ಮೇಲಕ್ಕೆ, ಮೈಯಿಂದ ಮಿದುಳಿಗೆ ಹೋಗುವ ಸುದ್ದಿಯನ್ನು. ಮಿದುಳು ಮೈಯನ್ನು ಆಳುವುದಕ್ಕಿಂತ ಹೆಚ್ಚಾಗಿ ಮೈಯ ವರದಿಯನ್ನು ಕೇಳುತ್ತಿರುತ್ತದೆ. ವರದಿ ಬದಲಾದರೆ ಮಿದುಳಿನ ಅಂದಾಜೂ ಬದಲಾಗುತ್ತದೆ.

ಇಟಲಿಯ ವೈದ್ಯ ಲೂಚಿಯಾನೊ ಬೆರ್ನಾರ್ಡಿ 2001ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. 23 ಮಂದಿಯಿಂದ ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ ಹೂಂ’ ಮಂತ್ರವನ್ನೂ ಹೇಳಿಸಿ ನೋಡಿದರು. ಎರಡೂ ಉಸಿರನ್ನು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಸಿದವು. ಆ ಲಯ ರಕ್ತದೊತ್ತಡದ ಸಹಜ ಏರಿಳಿತದ ಲಯಕ್ಕೆ ಹೊಂದುವುದರಿಂದ ಹೃದಯದ ಸ್ಪಂದನೆ ಉತ್ತಮಗೊಂಡಿತು. ಭಜನೆ, ಜಪ, ತಸ್ಬೀಹ್ ಮುಗಿಸಿ ಏಳುವವರ ಮುಖದಲ್ಲಿ ಕಾಣುವ ನೆಮ್ಮದಿಗೆ ಭಕ್ತಿಯ ಜೊತೆ ಈ ಲಯದ ಪಾಲೂ ಇರಬಹುದು.

ಕನ್ನಡಿಗರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ನಮ್ಮ ಭಾಷೆಯಲ್ಲಿ ಭಾವನೆಗೆ ವಿಳಾಸವಿದೆ. ಹೆದರಿದಾಗ ಎದೆ ಝಲ್ಲೆನ್ನುತ್ತದೆ, ಅಸೂಯೆಗೆ ಹೊಟ್ಟೆ ಉರಿಯುತ್ತದೆ, ಮಗುವಿನ ಅಳುವಿಗೆ ಕರುಳು ಚುರುಕ್ ಎನ್ನುತ್ತದೆ, ದುಃಖಕ್ಕೆ ಗಂಟಲು ಕಟ್ಟುತ್ತದೆ, ಕೆಟ್ಟ ಸುದ್ದಿಗೆ ಕೈಕಾಲು ತಣ್ಣಗಾಗುತ್ತವೆ. ಫಿನ್ಲೆಂಡಿನ ಲೌರಿ ನುಮ್ಮೆನ್ಮಾ ತಂಡ 2014ರಲ್ಲಿ 701 ಮಂದಿಗೆ ಮನುಷ್ಯಾಕೃತಿಯ ಚಿತ್ರ ಕೊಟ್ಟು, ಯಾವ ಭಾವನೆ ಮೈಯ ಯಾವ ಭಾಗದಲ್ಲಿ ಏಳುತ್ತದೆಂದು ಬಣ್ಣ ಹಚ್ಚಿಸಿತು. ಯುರೋಪಿನವರೂ ತೈವಾನಿನವರೂ ಬಿಡಿಸಿದ ನಕ್ಷೆಗಳು ಬಹುಪಾಲು ಹೊಂದಿಕೊಂಡವು. ಖಿನ್ನತೆಯ ಚಿತ್ರದಲ್ಲಿ ಕೈಕಾಲುಗಳು ಶಕ್ತಿಯಿಲ್ಲದೆ ನೀಲಿಗಟ್ಟಿದ್ದವು. ವೈದ್ಯರ ಮುಂದೆ ಮನಸ್ಸು ಸರಿಯಿಲ್ಲ ಎನ್ನದೆ ‘ಮೈಯೆಲ್ಲ ಸುಸ್ತು, ಎದೆ ಭಾರ’ ಎನ್ನುವ ನಮ್ಮ ತಾಯಂದಿರು ಸುಳ್ಳು ಹೇಳುತ್ತಿಲ್ಲ. ಅವರು ಸರಿಯಾದ ಜಾಗವನ್ನೇ ತೋರಿಸುತ್ತಿದ್ದಾರೆ.

ಒಳಗಿನ ಈ ಸುದ್ದಿಯನ್ನು ಗ್ರಹಿಸುವ ಶಕ್ತಿಗೆ ವಿಜ್ಞಾನ ಇಟ್ಟ ಹೆಸರು ಇಂಟರೋಸೆಪ್ಷನ್; ಒಳಅರಿವು ಎನ್ನಬಹುದು. ಮಿದುಳಿನ ಮಡಿಕೆಯೊಳಗೆ ಅಡಗಿರುವ ಇನ್ಸುಲಾ ಎಂಬ ಭಾಗ ಅದರ ಮುಖ್ಯ ಠಾಣೆ. ಇಂಗ್ಲೆಂಡಿನ ಹ್ಯೂಗೊ ಕ್ರಿಚ್ಲಿ 2004ರಲ್ಲಿ ತೋರಿಸಿದಂತೆ, ನಾಡಿ ಮುಟ್ಟದೆಯೇ ತಮ್ಮ ಎದೆಬಡಿತವನ್ನು ಸರಿಯಾಗಿ ಗುರುತಿಸುವವರಲ್ಲಿ ಬಲಗಡೆಯ ಇನ್ಸುಲಾ ಹೆಚ್ಚು ಚುರುಕಾಗಿರುತ್ತದೆ. ಅದೇ ಜನರಲ್ಲಿ ಆತಂಕದ ಅಂಕವೂ ಹೆಚ್ಚಿತ್ತು. ಎದೆಬಡಿತ ಕೇಳಿಸಿದರಷ್ಟೇ ಸಾಲದು, ಅದನ್ನು ಅಪಾಯವೆಂದು ಓದಿಕೊಳ್ಳದೆ ಇರುವುದನ್ನೂ ಕಲಿಯಬೇಕು. ಸಹಿಬ್ ಖಾಲ್ಸಾ ತಂಡ 2008ರಲ್ಲಿ ನುರಿತ ಧ್ಯಾನಿಗಳನ್ನು ಪರೀಕ್ಷಿಸಿದಾಗ ಎದೆಬಡಿತ ಗುರುತಿಸುವುದರಲ್ಲಿ ಅವರು ಸಾಮಾನ್ಯರಿಗಿಂತ ಮೇಲಾಗಿರಲಿಲ್ಲ. ಧ್ಯಾನದಿಂದ ಒಳಗಿವಿ ಸೂಕ್ಷ್ಮವಾಗುತ್ತದೆ ಎಂಬ ಜನಪ್ರಿಯ ನಂಬಿಕೆಗೆ ಇದು ಪೆಟ್ಟು. ಅಭ್ಯಾಸ ಬದಲಿಸುವುದು ಬಹುಶಃ ಕೇಳಿಸಿದ್ದರ ಜೊತೆಗಿನ ನಮ್ಮ ಸಂಬಂಧವನ್ನು.

ಖಿನ್ನತೆಯಂಥ ಕಾಯಿಲೆಗೆ ಇಂಥ ಅಭ್ಯಾಸ ಎಷ್ಟು ದೂರ ನೆರವಾದೀತು ಎಂಬುದನ್ನು ತಿಳಿಯಲು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಬಹಳ ಬೆವರು ಸುರಿಸಿದೆ. 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಲಿನ ಜಾನಕಿರಾಮಯ್ಯ, ಗಂಗಾಧರ್ ಮುಂತಾದ ಮನೋವೈದ್ಯರು ಆಸ್ಪತ್ರೆಗೆ ದಾಖಲಾಗಿದ್ದ 45 ತೀವ್ರ ಖಿನ್ನತೆಯ ರೋಗಿಗಳನ್ನು 15ರ ಮೂರು ಗುಂಪು ಮಾಡಿದರು. ಒಂದಕ್ಕೆ ವಿದ್ಯುತ್ ಕಂಪನ ಚಿಕಿತ್ಸೆ, ಇನ್ನೊಂದಕ್ಕೆ ಇಮಿಪ್ರಮಿನ್ ಮಾತ್ರೆ, ಮೂರನೆಯದಕ್ಕೆ ಸುದರ್ಶನ ಕ್ರಿಯೆ ಎಂಬ ಉಸಿರಾಟದ ಅಭ್ಯಾಸ. ನಾಲ್ಕು ವಾರಗಳ ಕೊನೆಗೆ ಚೇತರಿಸಿಕೊಂಡವರು ಕ್ರಮವಾಗಿ 93, 73 ಮತ್ತು 67 ಶೇಕಡಾ. ಉಸಿರಾಟ ಮಾತ್ರೆಯ ಹತ್ತಿರ ಬಂತು, ವಿದ್ಯುತ್ ಚಿಕಿತ್ಸೆಯನ್ನು ಮುಟ್ಟಲಿಲ್ಲ. ಈ ಅಂಕಿಗಳನ್ನು ಮುಂದಿಟ್ಟು ‘ಮಾತ್ರೆ ಬೇಡ, ಪ್ರಾಣಾಯಾಮ ಸಾಕು’ ಎಂದು ಸಾರುವವರು 15 ಮಂದಿಯ ಗುಂಪು ಎಷ್ಟು ಚಿಕ್ಕದೆಂಬುದನ್ನು ಮರೆಯುತ್ತಾರೆ. ಅಧ್ಯಯನ ನಡೆದದ್ದು ಆಸ್ಪತ್ರೆಯೊಳಗೆ, ಮನೋವೈದ್ಯರ ಕಣ್ಣೆದುರು. 2011ರಲ್ಲಿ ಅದೇ ಸಂಸ್ಥೆ ಎಂಆರ್‌ಐ ಯಂತ್ರದೊಳಗೆ ಮಲಗಿದವರಿಂದ ಒಮ್ಮೆ ಓಂಕಾರವನ್ನೂ ಒಮ್ಮೆ ಬರಿಯ ‘ಸ್‌ಸ್‌ಸ್’ ಸದ್ದನ್ನೂ ಮಾಡಿಸಿತು. ಓಂಕಾರದ ಹೊತ್ತಿನಲ್ಲಿ ಅಮಿಗ್ಡಲಾ ಸೇರಿದಂತೆ ಭಾವಕೇಂದ್ರಗಳ ಚಟುವಟಿಕೆ ತಗ್ಗಿತು; ‘ಸ್‌ಸ್‌ಸ್’ಗೆ ತಗ್ಗಲಿಲ್ಲ.

ಆಘಾತಕ್ಕೆ ಸಂಬಂಧಿಸಿ ಬಹಳ ಉಲ್ಲೇಖಗೊಳ್ಳುವುದು ಬಾಸ್ಟನ್ನಿನ ಬೆಸೆಲ್ ವಾನ್ ಡರ್ ಕೋಲ್ಕ್ ತಂಡದ 2014ರ ವರದಿ. ಹಲವು ಚಿಕಿತ್ಸೆಗೂ ಬಗ್ಗದ ಆಘಾತದಿಂದ ನರಳುತ್ತಿದ್ದ 64 ಮಹಿಳೆಯರು, ಹತ್ತು ವಾರ. ಯೋಗದ ಗುಂಪಿನಲ್ಲಿ 52 ಶೇಕಡಾ ಮಂದಿ ಕಾಯಿಲೆಯ ವ್ಯಾಖ್ಯೆಯಿಂದ ಹೊರಬಂದರು, ಆರೋಗ್ಯ ಪಾಠ ಕೇಳಿದ ಗುಂಪಿನಲ್ಲಿ 21 ಶೇಕಡಾ. ಅಲ್ಲಿನ ಶಿಕ್ಷಕರು ‘ಕೈ ಎತ್ತಿ’ ಎಂದು ಹುಕುಂ ಮಾಡುತ್ತಿರಲಿಲ್ಲ, ‘ಇಷ್ಟವಾದರೆ ಎತ್ತಬಹುದು’ ಎನ್ನುತ್ತಿದ್ದರು. ಮೈಯ ಮೇಲಿನ ಹಕ್ಕನ್ನು ಕಳೆದುಕೊಂಡವರಿಗೆ ಆ ಒಂದು ಆಯ್ಕೆಯೇ ಔಷಧ. ಕಣ್ಣು ಮುಚ್ಚಿ ಶವಾಸನದಲ್ಲಿ ಮಲಗುವುದು ಎಲ್ಲರಿಗೂ ಸುಖವಲ್ಲ. ಕತ್ತಲಲ್ಲಿ ಮಣ್ಣಿನಡಿ ಸಿಕ್ಕಿ ಬದುಕಿದವರಿಗೆ ಅದೇ ಭಯಾನಕವಾಗಬಹುದು. ಅಂಥವರು ಕಣ್ಣು ತೆರೆದೇ ಇರಲಿ, ಗೋಡೆಗೊರಗಿ ಕೂರಲಿ, ಬೇಡವೆನಿಸಿದಾಗ ನಿಲ್ಲಿಸಲಿ. ಇದನ್ನು ಅರಿಯದ ಯೋಗಶಿಕ್ಷಕರು ಒಳ್ಳೆಯ ಮನಸ್ಸಿನಿಂದಲೇ ಕೇಡು ಮಾಡಬಲ್ಲರು.

ಮುಂಬೈಗೆ ಈ ವಿದ್ಯೆ ಹೊಸದಲ್ಲ. ಇನ್ಫ್ಲುಯೆಂಜಾ ಮಹಾಮಾರಿ ಬಂದ 1918ರ ಡಿಸೆಂಬರ್ 25ರಂದು ವರ್ಸೋವಾದ ಕಡಲಂಚಿನ ಮನೆಯಲ್ಲಿ ಯೋಗೇಂದ್ರರು ತೆರೆದ ಯೋಗ ಸಂಸ್ಥೆ ಈಗ ಸಾಂತಾಕ್ರೂಜಿನಲ್ಲಿ ನಡೆಯುತ್ತಿದೆ. ಅದಕ್ಕೆ ಹನ್ನೊಂದು ದಿನ ಮೊದಲು, ಡಿಸೆಂಬರ್ 14ರಂದು, ಅದೇ ಜ್ವರದಲ್ಲಿ ನರಳುತ್ತಿದ್ದ ತಾಯಿಗೆ ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಗಂಡುಮಗು ಹುಟ್ಟಿತು. ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲವನ್ನೂ ಕಂಡು, ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರ ಬಳಿ ಆಸನ ಕಲಿತು, 1937ರಲ್ಲಿ ಪುಣೆಗೆ ಹೋದ ಆ ಹುಡುಗ ಬಿ.ಕೆ.ಎಸ್. ಅಯ್ಯಂಗಾರ್. ದಶಕಗಳ ಕಾಲ ವಾರದ ಕೊನೆಗೆ ಪುಣೆಯಿಂದ ರೈಲು ಹತ್ತಿ ಬಂದು ಅವರು ಮುಂಬೈಯಲ್ಲಿ ಪಾಠ ಹೇಳಿದರು. 1952ರಲ್ಲಿ ಪಿಟೀಲು ವಾದಕ ಯಹೂದಿ ಮೆನುಹಿನ್ ಅವರನ್ನು ಕಂಡದ್ದೂ ಮುಂಬೈಯಲ್ಲೇ. ನಿದ್ದೆಗೆಟ್ಟು ಬಳಲಿದ್ದ ಮೆನುಹಿನ್ ಐದೇ ನಿಮಿಷ ಕೊಡುವೆನೆಂದಿದ್ದರು. ಅಯ್ಯಂಗಾರರು ಮಲಗಿಸಿ ವಿಶ್ರಾಂತಿಯ ಕ್ರಮ ಹೇಳಿಕೊಟ್ಟಾಗ ಗಾಢ ನಿದ್ದೆಗೆ ಜಾರಿದರು. ಎರಡು ವರ್ಷದ ನಂತರ ಮೆನುಹಿನ್ ಕೊಟ್ಟ ಕೈಗಡಿಯಾರದ ಹಿಂದೆ ಅಯ್ಯಂಗಾರರನ್ನು ತಮ್ಮ ಅತ್ಯುತ್ತಮ ಪಿಟೀಲು ಗುರು ಎಂದು ಕೆತ್ತಿಸಿದ್ದರು.

ಸಾಂತಾಕ್ರೂಜಿನಿಂದ ವಿಕ್ರೋಳಿ ಬಹಳ ದೂರವಿಲ್ಲ. ಆದರೆ ಗುಡ್ಡದ ಬುಡದ ಖೋಲಿಯಲ್ಲಿ ಇರುವವರಿಗೆ ಯೋಗ ತರಗತಿ ಬಲು ದೂರ. ವಿಕ್ರೋಳಿಯ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಖಾಡಿಯ ಕಾಂಡ್ಲಾ ಕಾಡು, ನಡುವೆ ಕಾರ್ಖಾನೆ, ಚಾಳು, ಹಳಿ. ಉಡುಪಿ, ಮಂಗಳೂರು, ವಿಜಯಪುರ, ಕಲಬುರಗಿ ಕಡೆಯಿಂದ ಹೊಟ್ಟೆಪಾಡಿಗೆ ಮುಂಬೈಗೆ ಬಂದವರಲ್ಲಿ ಹೆಚ್ಚಿನವರಿಗೆ ಚಾಪೆ ಬಿಡಿಸುವಷ್ಟೂ ಜಾಗವಿಲ್ಲ. ಜಾಗ ಬೇಕಾಗಿಯೂ ಇಲ್ಲ. ಮಂಚದ ಅಂಚಿನಲ್ಲಿ ಕುಳಿತು ಎರಡು ಅಂಗಾಲನ್ನು ನೆಲಕ್ಕೊತ್ತಿ ನೆಲದ ತಂಪನ್ನು ಗಮನಿಸಬಹುದು. ಲೋಕಲ್ ಗಾಡಿಯಲ್ಲಿ ನಾಲ್ಕನೆಯವರಾಗಿ ಸೀಟಿನ ತುದಿಯಲ್ಲಿ ಕೂತು, ವಿಕ್ರೋಳಿಯಿಂದ ಘಾಟ್‌ಕೋಪರ್ ಬರುವಷ್ಟರಲ್ಲಿ ಹತ್ತಿಪ್ಪತ್ತು ದೀರ್ಘ ಉಸಿರು ಬಿಡಬಹುದು. ದವಡೆ ಬಿಗಿದಿದೆಯೇ, ಹೆಗಲು ಏರಿದೆಯೇ ಎಂದು ಕೇಳಿಕೊಂಡು ಸಡಿಲಿಸಬಹುದು.

ಇಷ್ಟರಿಂದ ಎಲ್ಲರೂ ಗುಣವಾಗುವುದಿಲ್ಲ. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಹತ್ತರಲ್ಲೊಬ್ಬ ವಯಸ್ಕನಿಗೆ ಮನೋವ್ಯಾಧಿಯಿದೆ. ಅವರಲ್ಲಿ, ಕಾಯಿಲೆಗೆ ತಕ್ಕಂತೆ, 70ರಿಂದ 92 ಶೇಕಡಾ ಮಂದಿಗೆ ಚಿಕಿತ್ಸೆ ಸಿಕ್ಕಿಲ್ಲ. ಮಹಾನಗರಗಳಲ್ಲಿ ಈ ಕಾಯಿಲೆಗಳ ಪ್ರಮಾಣ ಹಳ್ಳಿಗಿಂತ ಹೆಚ್ಚು. ಕುಸಿದ ಗುಡ್ಡದ ಬಳಿ ವೈದ್ಯಕೀಯ ಶಿಬಿರ ನಡೆಯುವಾಗ ಮನೋವೈದ್ಯರ ಪಕ್ಕದಲ್ಲಿ ತರಬೇತಿ ಪಡೆದ ಒಬ್ಬ ಯೋಗಶಿಕ್ಷಕರೂ ಇರಬೇಕು, ಶಿಬಿರ ಎದ್ದ ಮೇಲೂ ಮುಂದಿನ ಮಳೆಗಾಲದ ತನಕ ವಾರಕ್ಕೊಮ್ಮೆ ಬರುತ್ತಿರಬೇಕು. ಮುಂಬೈಯ ಕನ್ನಡ ಸಂಘಗಳೂ ಮರಾಠಿ ಮಂಡಳಗಳೂ ಇದಕ್ಕೆ ತಮ್ಮ ಸಭಾಂಗಣದ ಬಾಗಿಲು ತೆರೆಯಲಿ.

ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬಾರದು. ಸಾಯುವ ಯೋಚನೆ ಬರುತ್ತಿದ್ದರೆ ಆಸನ, ಉಸಿರು ಎನ್ನುತ್ತ ಕಾಯಬಾರದು. 2022ರ ಅಕ್ಟೋಬರ್ 10ರಂದು ಶುರುವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ. ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು. ರಾತ್ರಿ ಮೂರು ಗಂಟೆಗೆ, ಮಾಡಿನ ಮೇಲೆ ಮಳೆ ಸುರಿಯುತ್ತಿರುವಾಗಲೂ ಆ ಕಡೆ ಫೋನ್ ಎತ್ತುವವರಿದ್ದಾರೆ.