ಪಾಳಿ ಬಂದಾಗ ಏಳಬೇಕು



ವಿಭೂತಿ ಬುಧವಾರದಂದು ಗುರುಗಳು ನಮ್ಮ ಹಣೆಗೆ ವಿಭೂತಿ ಇಡುತ್ತಾರೆ. ನಾವು ಮಣ್ಣಿಗೆ ಮರಳುವವರೆಂದು ನೆನಪಿಸುತ್ತಾರೆ, ಇಲ್ಲವೇ ಮನಸ್ಸು ತಿರುಗಿಸಿ ಶುಭಸಂದೇಶವನ್ನು ನಂಬುವಂತೆ ಕರೆಯುತ್ತಾರೆ. ಅಂದಿನಿಂದ ತಪಸ್ಸು ಕಾಲ ಆರಂಭ. ಆದರೆ ಮನೆಗೆ ಬಂದ ಮೇಲೆ ನಾವು ಆಡುವ ಮಾತೇ ಬೇರೆ. "ಮಗಳ ಮದುವೆ ಮುಗಿಯಲಿ, ಆಮೇಲೆ ಕುಡಿತ ಬಿಡೋಣ." "ಕಬ್ಬಿನ ಬಿಲ್ಲು ಬರಲಿ, ಆಮೇಲೆ ತಮ್ಮನ ಪಾಲು ಕೊಡೋಣ." "ವೇಳಾಂಗಣಿಗೆ ಹೋಗಿ ಬರೋಣ, ಆಮೇಲೆ ಅತ್ತಿಗೆಯ ಜೊತೆ ಮಾತಾಡೋಣ." ಬದಲಾಗುವ ಆಸೆ ನಮಗೂ ಇದೆ. ತಕ್ಕ ಸಮಯ, ತಕ್ಕ ಸ್ಥಳ ಇನ್ನೂ ಕೂಡಿಬಂದಿಲ್ಲ ಎಂದುಕೊಳ್ಳುತ್ತೇವೆ, ಅಷ್ಟೆ. ಹಾಗಾದರೆ ಆ ಸಮಯ ಯಾವುದು? ಆ ಸ್ಥಳ ಎಲ್ಲಿದೆ?

ಇದನ್ನು ತಿಳಿಯಲು ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ನಾವು ದೂರ ಹೋಗಬೇಕಿಲ್ಲ. ಮಳೆಗಾಲದಲ್ಲಿ ಘಟಪ್ರಭೆ ಗೋಕಾಕ ಜಲಪಾತದಲ್ಲಿ ಸುಮಾರು 170 ಅಡಿ ಎತ್ತರದಿಂದ ಧುಮುಕುತ್ತಾಳೆ. ತಪಸ್ಸು ಕಾಲದ ಬಿಸಿಲಿನಲ್ಲಿ ಅಲ್ಲಿ ಬಂಡೆಯೇ ಹೆಚ್ಚು ಕಾಣುತ್ತದೆ. ಆದರೂ ನಮ್ಮ ಹೊಲಗಳು ಹಸಿರಾಗಿರುವುದು ಹೇಗೆ? ಮಳೆಯ ನೀರು ಹಿಡಕಲ್ ಜಲಾಶಯದಲ್ಲಿ ನಿಂತು, ಧೂಪದಾಳದಲ್ಲಿ ಕಾಲುವೆಗೆ ತಿರುಗಿ ನಮ್ಮ ಕಡೆಗೆ ಬರುತ್ತದೆ. ಕಾಲುವೆಯ ನೀರಿಗೆ ಪಾಳಿ ಉಂಟು. ಪಾಳಿ ನಡುರಾತ್ರಿ ಬಂದರೂ ರೈತ ಬ್ಯಾಟರಿ, ಸಲಿಕೆ ಹಿಡಿದು ಹೊಲಕ್ಕೆ ಹೋಗುತ್ತಾನೆ. "ಬೆಳಿಗ್ಗೆ ನೋಡೋಣ" ಎಂದು ಮಲಗಿದರೆ ನೀರು ಮುಂದಿನವರ ಹೊಲಕ್ಕೆ ಹೋಯಿತು. ನೀರನ್ನು ಅವನು ಸೃಷ್ಟಿಸಲಿಲ್ಲ, ಹರಿಸಿದವನೂ ಅವನಲ್ಲ. ಎದ್ದು ಹೋಗಿ, ಬದುವಿನ ಮಣ್ಣು ಸರಿಸಿ, ನೀರಿಗೆ ದಾರಿ ಮಾಡುವುದಷ್ಟೇ ಅವನ ಕೆಲಸ.

ದೇವರ ಕೃಪೆಯೂ ಹೀಗೆಯೇ ನಮ್ಮ ಬಾಗಿಲಿಗೆ ಬರುತ್ತದೆ. ವ್ಯತ್ಯಾಸ ಒಂದೇ: ಕೃಪೆಗೆ ಕೊರತೆಯಿಲ್ಲ, ನಮ್ಮ ದಿನಗಳಿಗೆ ಕೊರತೆಯಿದೆ.

ಹೊಸ ಒಡಂಬಡಿಕೆಯನ್ನು ಬರೆದ ಗ್ರೀಕ್ ಭಾಷೆಯಲ್ಲಿ ಕಾಲಕ್ಕೆ ಎರಡು ಪದಗಳಿವೆ. ಗಡಿಯಾರ, ಪಂಚಾಂಗಗಳಲ್ಲಿ ಸಾಗುವ ಕಾಲ 'ಕ್ರೋನೋಸ್'. ಏನಾದರೂ ನಡೆಯಬೇಕಾದ ಹದವಾದ ಗಳಿಗೆ 'ಕೈರೋಸ್'. ಪ್ರಭು ಯೇಸು ಗಲಿಲೇಯದಲ್ಲಿ ಸಾರಲು ಆರಂಭಿಸಿದಾಗ ಕಾಲ ಕೂಡಿಬಂತೆಂದು ಹೇಳಿದ್ದಕ್ಕೆ ಸಂತ ಮಾರ್ಕನು ಬಳಸಿದ್ದು ಈ ಎರಡನೆಯ ಪದವನ್ನೇ. ಸಂತ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಅದೇ ಪದವನ್ನು ಬಳಸಿ, ಆ ಸುಸಮಯ ಇದೀಗಲೇ ಎಂದು ಒತ್ತಿ ಹೇಳುತ್ತಾನೆ. 2019ರ ಆಗಸ್ಟ್‌ನಲ್ಲಿ ಪ್ರವಾಹ ಗೋಕಾಕಕ್ಕೆ ನುಗ್ಗಿದಾಗ ಮನೆ ಬಿಡಲು ಯಾರಾದರೂ ಮುಹೂರ್ತ ನೋಡಿದ್ದುಂಟೇ? ಜೀವ ಉಳಿಸಲು ಮುಹೂರ್ತ ಬೇಡವಾದರೆ, ಆತ್ಮ ಉಳಿಸಲು ಏಕೆ ಬೇಕು?

ಇನ್ನು ಸ್ಥಳದ ಮಾತು. ಜಕ್ಕಾಯನನ್ನು ಯೇಸು ಕಂಡದ್ದು ದೇವಾಲಯದಲ್ಲಲ್ಲ, ಜೆರಿಕೊ ಊರಿನ ದಾರಿಬದಿಯ ಮರದ ಮೇಲೆ. ಅಂದೇ ಅವನ ಮನೆಯಲ್ಲಿ ತಂಗಬೇಕೆಂದು ಹೇಳಿ ಪ್ರಭು ಹೊರಟರು. ಸುಂಕದವರ ಒಡೆಯನಾಗಿದ್ದ ಅವನು ತನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸಹೋದವರಿಗೆ ನಾಲ್ಕರಷ್ಟು ಕೊಡುವ ಮಾತು ಕೊಟ್ಟನು. ಆ ಮನೆಗೆ ಅಂದೇ ರಕ್ಷಣೆ ಬಂತು. ಸಮಾರಿಯದ ಮಹಿಳೆಗೆ ಪ್ರಭು ಸಿಕ್ಕಿದ್ದು ನಡುಮಧ್ಯಾಹ್ನ, ಬಾವಿಯ ಬಳಿ. ಅವಳು ಕೊಡವನ್ನು ಅಲ್ಲೇ ಬಿಟ್ಟು, ತನ್ನ ಬಾಳನ್ನು ಬಲ್ಲ ಊರಿನವರ ಬಳಿಗೇ ಹೋದಳು. ತಪ್ಪು ಎಲ್ಲಿ ಬೇರುಬಿಟ್ಟಿದೆಯೋ ಬದಲಾವಣೆಗೂ ಅಲ್ಲೇ ನೆಲ.

ಸಂತ ಅಗಸ್ಟೀನರ ಬಾಳನ್ನೂ ನೋಡೋಣ. ಶುದ್ಧ ಬಾಳನ್ನು ಕೊಡು, ಆದರೆ ಈಗಲೇ ಬೇಡ ಎಂದು ಯೌವನದಲ್ಲಿ ಪ್ರಾರ್ಥಿಸಿದ್ದಾಗಿ ಅವರೇ ಬರೆದುಕೊಂಡಿದ್ದಾರೆ. ಆ "ನಾಳೆ" ಮುಗಿದದ್ದು 386ರಲ್ಲಿ, ಮಿಲಾನ್ ನಗರದಲ್ಲಿ ತಾವು ತಂಗಿದ್ದ ಮನೆಯ ತೋಟದಲ್ಲಿ. ಮರುವರ್ಷ, 387ರ ಪಾಸ್ಖ ಜಾಗರಣೆಯಂದು, ಸಂತ ಆಂಬ್ರೋಸರಿಂದ ಅವರು ದೀಕ್ಷಾಸ್ನಾನ ಪಡೆದರು.

ಹಾಗಾದರೆ ಯಾತ್ರೆ, ಧ್ಯಾನಕೂಟ, ಪಾಪನಿವೇದನೆ ಬೇಡವೇ? ಖಂಡಿತ ಬೇಕು. ಅವು ಧೂಪದಾಳದಂತೆ, ಕೃಪೆ ನಮ್ಮ ಕಡೆ ತಿರುಗುವ ಜಾಗ. ಆದರೆ ಧೂಪದಾಳದಲ್ಲಿ ನಿಂತು ನೀರು ನೋಡಿ ಬಂದರೆ ಹೊಲ ನೆನೆಯುವುದಿಲ್ಲ. ವೇಳಾಂಗಣಿಯಲ್ಲಿ ಸುರಿಸಿದ ಕಣ್ಣೀರು ನಮ್ಮ ಅಡುಗೆಮನೆಗೆ, ಅಂಗಡಿಗೆ, ಹೊಲದ ಗಡಿಗೆ ಮುಟ್ಟಬೇಕು.

ಆದುದರಿಂದ ಈ ನಲವತ್ತು ದಿನಗಳಲ್ಲಿ ಒಂದೇ ವಿಷಯ ಆರಿಸಿಕೊಳ್ಳೋಣ. ಮಕ್ಕಳು ಕರದಂಟು ಬಿಡುತ್ತಾರೆ, ಒಳ್ಳೆಯದು. ದೊಡ್ಡವರಾದ ನಾವು ಕಟುಮಾತು ಬಿಡಬಹುದೇ? ಮಾತು ಬಿಟ್ಟವರ ಮನೆಗೆ ನಾವೇ ಮೊದಲು ಹೋಗಬಹುದೇ? ಅಳತೆ ತಪ್ಪಿದ ಬದುವನ್ನು ಸರಿಪಡಿಸಬಹುದೇ? ಕುಡಿತ ಬಿಡಬೇಕೆನ್ನುವವರಿಗೆ ಒಂದು ಎಚ್ಚರಿಕೆ: ಬಹುಕಾಲ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು. ಅಂಥವರು ಇಂದೇ ವೈದ್ಯರನ್ನು ಕಾಣಲಿ. ವೈದ್ಯರ ಬಾಗಿಲು ತಟ್ಟುವುದೂ ಮನಪರಿವರ್ತನೆಯ ಮೊದಲ ಹೆಜ್ಜೆಯೇ. ಮನೆಯವರು ಹಂಗಿಸದೆ ಜೊತೆಗೆ ಹೋಗಲಿ.

ಪಾಸ್ಖ ಜಾಗರಣೆಯ ರಾತ್ರಿ ನಾವು ಮೇಣದ ಬತ್ತಿ ಹಿಡಿದು, ಪಾಪವನ್ನು ತ್ಯಜಿಸುತ್ತೇವೆಂದು ಎಲ್ಲರೆದುರು ಮತ್ತೊಮ್ಮೆ ಹೇಳಲಿದ್ದೇವೆ. ಆ ಮಾತು ಅಂದು ನಿಜವಾಗಬೇಕಾದರೆ ಕೆಲಸ ಇಂದು ಸಂಜೆಯೇ ಶುರುವಾಗಲಿ. ತಮ್ಮನ ಮನೆ ಎರಡು ಗಲ್ಲಿ ಆಚೆಗಿದೆ. ಎದ್ದು ಹೋಗೋಣ. ಪ್ರಭು ನಮ್ಮ ಜೊತೆ ನಡೆಯಲಿ.